ಇಂಜಿನಿಯರುಗಳ ನಕ್ಷೆಗೂ ಒಂದು ಖಾತೆ ಪುಸ್ತಕ: ಫೋಲ್ಡರಿನಿಂದ ಉಗ್ರಾಣಕ್ಕೆ

ಕಾಫಿ, ಅಡಿಕೆ, ಮೆಣಸಿನ ವಿಚಾರ ಬರುವ ಈ ಪುಟದಲ್ಲಿ ಇಂಜಿನಿಯರುಗಳ ಕಡತದ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಎರಡು ಕಾರಣಗಳಿಗಾಗಿ ಈ ಪಾಠವನ್ನು ಎತ್ತಿಕೊಂಡಿದ್ದೇವೆ. ನಾವು ಬಳಸುವ ಪಲ್ಪರು, ಅಡಿಕೆ ಸುಲಿಯುವ ಯಂತ್ರ, ಔಷಧಿ ಹೊಡೆಯುವ ಪಂಪು ಇವೆಲ್ಲವೂ ಮೊದಲು ಯಾವುದೋ ಕಾರ್ಖಾನೆಯಲ್ಲಿ ನಕ್ಷೆಯಾಗಿ ಹುಟ್ಟಿ, ಆಮೇಲೆ ಕಬ್ಬಿಣವಾಗಿ ನಮ್ಮ ಮನೆಗೆ ಬರುತ್ತವೆ. ಕೊಯ್ಲಿನ ನಡುವೆ ಒಂದು ಬಿಡಿಭಾಗ ಮುರಿದು, ತರಿಸಿದ ಹೊಸದು ಅದರ ಜಾಗದಲ್ಲಿ ಕೂರದೆ ಹೋದರೆ ಕೊಯ್ದ ಹಣ್ಣು ನಮಗಾಗಿ ಕಾಯುವುದಿಲ್ಲ. ಎರಡನೆಯದಾಗಿ, ತೋಟದ ಮನೆಗಳ ಮಕ್ಕಳು ಅನೇಕರು ಈಗ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಇಂಥ ನಕ್ಷೆಗಳ ಮುಂದೆಯೇ ಕುಳಿತು ಸಂಬಳ ಎಣಿಸುತ್ತಿದ್ದಾರೆ. ಹಬ್ಬಕ್ಕೆ ಬಂದವರು “ಫೋಲ್ಡರ್ ಬಿಟ್ಟು ವಾಲ್ಟಿಗೆ ಹೋಗುತ್ತಿದ್ದೇವೆ, ಅದೇ ತಲೆನೋವು” ಎಂದರೆ ಏನೆಂದು ಹಿರಿಯರಿಗೂ ತಿಳಿದಿರಲಿ.

ಮೊದಲು ಕಾಗದದ ಕಾಲವನ್ನು ನೆನೆಯೋಣ. ಆಗ ಒಂದು ಯಂತ್ರಭಾಗದ ಮೂಲ ನಕ್ಷೆ ಎಂದರೆ ಟ್ರೇಸಿಂಗ್ ಹಾಳೆಯ ಮೇಲೆ ಬರೆದದ್ದು ಒಂದೇ ಒಂದು. ಅದು ಡ್ರಾಯಿಂಗ್ ಆಫೀಸಿನ ಅಗಲವಾದ ಖಾನೆಗಳಲ್ಲಿ ಮಲಗಿರುತ್ತಿತ್ತು. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ನಕಲಿನ ವಿಧಾನ, ಅದರ ನಂತರ ಬಂದ ಅಮೋನಿಯಾ ನಕಲು, ಇವುಗಳಿಂದ ಬೇಕಾದಷ್ಟು ಪ್ರತಿ ತೆಗೆಯಬಹುದಿತ್ತು. ಆದರೆ ಪ್ರತಿ ಬೇಕಾದವರು ಖಾನೆಯ ಗುಮಾಸ್ತರ ಬಳಿ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಮೂಲವನ್ನು ತಿದ್ದುವುದಾದರೆ ಬ್ಲೇಡಿನಿಂದ ಶಾಯಿ ಕೆರೆದು ತಿದ್ದಿ, ಮೂಲೆಯ ಚೌಕದಲ್ಲಿ ಎ, ಬಿ, ಸಿ ಎಂದು ತಿದ್ದುಪಡಿಯ ಅಕ್ಷರ, ದಿನಾಂಕ, ಸಹಿ ಹಾಕಬೇಕು. (ಈ ಸಾಲಿನಲ್ಲಿ ಇಂಗ್ಲಿಷಿನ ಐ ಮತ್ತು ಓ ಅಕ್ಷರಗಳನ್ನು ಇಂದಿಗೂ ಬಿಟ್ಟುಬಿಡುತ್ತಾರೆ. ಒಂದು, ಸೊನ್ನೆ ಎಂದು ಓದಿಕೊಂಡಾರು ಎಂಬ ಭಯದಿಂದ.) ಗುಮಾಸ್ತರು ಸಿಡುಕಿನವರಾಗಿದ್ದರೂ ಇರಬಹುದು, ಆದರೆ ಮೂಲ ಯಾವುದು, ನಕಲು ಯಾವುದು ಎಂಬುದರಲ್ಲಿ ಸಂಶಯಕ್ಕೆ ಆಸ್ಪದವಿರಲಿಲ್ಲ.

ಕಂಪ್ಯೂಟರು ಬಂದ ಮೇಲೆ ಈ ಖಾನೆಯೂ ಹೋಯಿತು, ಗುಮಾಸ್ತರೂ ಹೋದರು. ನಕ್ಷೆ ಒಂದು ಫೈಲಾಯಿತು. ಫೈಲುಗಳನ್ನೆಲ್ಲ ಆಫೀಸಿನ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಎಲ್ಲರ ಕೈಗೆಟುಕುವ ಫೋಲ್ಡರಿನಲ್ಲಿಟ್ಟರು. ಬೀಗವಿಲ್ಲದ ಪತ್ತಾಯದಂತೆ ಯಾರು ಬೇಕಾದರೂ ತೆಗೆಯಬಹುದು, ಯಾರು ಬೇಕಾದರೂ ಹಾಕಬಹುದು. ಇಬ್ಬರೋ ಮೂವರೋ ಇರುವಲ್ಲಿ ಇದರಿಂದ ಬಾಧಕವಿಲ್ಲ. ಹತ್ತು ಮಂದಿಯಾದಾಗ ತೊಂದರೆ ಮೊದಲಾಗುತ್ತದೆ.

ಪಲ್ಪರು ಮಾಡುವ ಹತ್ತು ಇಂಜಿನಿಯರುಗಳ ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಪಲ್ಪರಿನಲ್ಲಿ ತಿರುಗುವ ಡ್ರಮ್ಮಿಗೂ ಎದುರಿನ ಬ್ರೆಸ್ಟ್ ಪ್ಲೇಟಿಗೂ ನಡುವಿನ ಅಂತರವೇ ಮುಖ್ಯ ಎಂಬುದು ನಮಗೆಲ್ಲ ಗೊತ್ತು. ಕಿರಿದಾದರೆ ಬೀಜ ಜಜ್ಜುತ್ತದೆ, ಹಿರಿದಾದರೆ ಹಣ್ಣು ಹಾಗೆಯೇ ಜಾರಿಹೋಗುತ್ತದೆ. ಒಬ್ಬ ಇಂಜಿನಿಯರು ಪ್ಲೇಟಿನ ತೂತುಗಳನ್ನು ಎರಡು ಮಿಲಿಮೀಟರು ಸರಿಸಿ, ಹಳೆಯದೂ ಇರಲಿ ಎಂದು ಹೊಸ ನಕ್ಷೆಗೆ “ಪ್ಲೇಟ್ ಹೊಸದು” ಎಂದು ಹೆಸರಿಟ್ಟು ಫೋಲ್ಡರಿನಲ್ಲಿ ಬಿಡುತ್ತಾನೆ. ಮತ್ತೊಬ್ಬಳು ವಾರದ ಹಿಂದೆಯೇ ಹಳೆಯ ಫೈಲನ್ನು ತನ್ನ ಕಂಪ್ಯೂಟರಿಗೆ ನಕಲು ಮಾಡಿಕೊಂಡಿದ್ದಾಳೆ. ಅದರಲ್ಲಿ ತಗಡಿನ ದಪ್ಪವನ್ನು ಬದಲಿಸಿ “ಪ್ಲೇಟ್ ಅಂತಿಮ” ಎಂದು ಉಳಿಸುತ್ತಾಳೆ. ಖರೀದಿ ವಿಭಾಗದವರ ಕೈಯಲ್ಲಿ ಆರು ತಿಂಗಳ ಹಿಂದೆ ಮಿಂಚಂಚೆಯಲ್ಲಿ ಬಂದ ಮೂರನೆಯದೊಂದು ಇದೆ; ತಗಡು ಕೊರೆಯುವವನಿಗೆ ಅವರು ಕಳಿಸುವುದು ಅದನ್ನೇ. ಮೂವರೂ ಪ್ರಾಮಾಣಿಕರು, ಮೂವರೂ ಶ್ರಮಪಟ್ಟವರು. ಬೀಜ ಜಜ್ಜುವುದು ಮಾತ್ರ ನಮ್ಮ ಮನೆಯಲ್ಲಿ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಪತ್ರ, ಲೆಕ್ಕ ಮುಂತಾದ ಸಾಮಾನ್ಯ ಫೈಲುಗಳು ಒಂದೊಂದೂ ತಾನೇ ತಾನಾಗಿ ನಿಲ್ಲುತ್ತವೆ. ಇಂಜಿನಿಯರಿಂಗ್ ಫೈಲುಗಳು ಹಾಗಲ್ಲ. ಇಡೀ ಪಲ್ಪರಿನ ಜೋಡಣೆಯ ಫೈಲಿನೊಳಗೆ ಡ್ರಮ್ಮು, ಪ್ಲೇಟು, ಬೇರಿಂಗುಗಳ ಆಕೃತಿ ಪೂರ್ತಿಯಾಗಿ ಇರುವುದಿಲ್ಲ. “ಇಂಥ ಜಾಗದಲ್ಲಿ ಇಂಥ ಹೆಸರಿನ ಫೈಲು ಇದೆ, ಅದನ್ನು ತಂದು ತೋರಿಸು” ಎಂಬ ವಿಳಾಸ ಇರುತ್ತದೆ. ಯಾರೋ ಅಚ್ಚುಕಟ್ಟು ಮಾಡಲು ಹೋಗಿ ಹೆಸರು ಬದಲಿಸಿದರೆ ಜೋಡಣೆಯು ತನ್ನ ಭಾಗವನ್ನು ಕಳೆದುಕೊಳ್ಳುತ್ತದೆ. ಅದಾದರೂ ಕಣ್ಣಿಗೆ ಕಾಣುವ ನಷ್ಟ. ಒಂದೇ ಹೆಸರಿನ ಎರಡು ಫೈಲು ಎರಡು ಕಡೆ ಇದ್ದರೆ, ಆಗಲೇ ತೆರೆದಿರುವುದನ್ನೇ ಎತ್ತಿಕೊಂಡು ಸುಮ್ಮನಿರುವ ತಂತ್ರಾಂಶಗಳೂ ಇವೆ. ತೆರೆಯ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಉಗ್ರಾಣದ ಕ್ರಮ

ಇದಕ್ಕೆ ಪರಿಹಾರವಾಗಿ ಬಂದದ್ದೇ ನಿಯಂತ್ರಿತ ದತ್ತಾಂಶ ನಿರ್ವಹಣೆ. ಟೀಮ್‌ಸೆಂಟರ್, ವಿಂಡ್‌ಚಿಲ್, ಆಟೋಡೆಸ್ಕ್ ವಾಲ್ಟ್, ಸಾಲಿಡ್‌ವರ್ಕ್ಸ್ ಪಿಡಿಎಂ ಮುಂತಾದ ಹೆಸರುಗಳಲ್ಲಿ ಇದು ಮಾರಾಟಕ್ಕಿದೆ. ವಾಲ್ಟ್ ಎಂದರೆ ಭದ್ರ ಕೋಣೆ. ನಾವು ಉಗ್ರಾಣ ಎನ್ನೋಣ. ಮೇಲ್ನೋಟಕ್ಕೆ ಇದೂ ಫೋಲ್ಡರಿನಂತೆಯೇ ಕಾಣುತ್ತದೆ. ವ್ಯತ್ಯಾಸವೆಂದರೆ ಫೈಲುಗಳ ಹಿಂದೆ ಒಂದು ಖಾತೆ ಪುಸ್ತಕ ಕುಳಿತಿರುತ್ತದೆ.

ನಕ್ಷೆಯನ್ನು ತಿದ್ದಬೇಕಾದವನು ಅದನ್ನು ‘ಚೆಕ್ ಔಟ್’ ಮಾಡಬೇಕು, ಎಂದರೆ ತನ್ನ ಹೆಸರಿಗೆ ಬರೆಸಿಕೊಳ್ಳಬೇಕು. ಆ ಕ್ಷಣದಿಂದ ಉಳಿದವರು ಅದನ್ನು ನೋಡಬಹುದು, ತಿದ್ದಲಾಗದು. ಕೆಲಸ ಮುಗಿಸಿ ‘ಚೆಕ್ ಇನ್’ ಮಾಡಿದಾಗ ಹಳೆಯದು ಅಳಿಯದೆ ಹಾಗೆಯೇ ಉಳಿದು, ಅದರ ಮೇಲೆ ಹೊಸದೊಂದು ಪದರ ಕೂರುತ್ತದೆ. ಯಾರು, ಯಾವಾಗ, ಏಕೆ ಎಂಬುದು ಖಾತೆಯಲ್ಲಿ ದಾಖಲಾಗುತ್ತದೆ. ನಮ್ಮ ಸಂಘದ ದಿನವಹಿಯಲ್ಲಿ ತಪ್ಪು ಬರಹವನ್ನು ಉಜ್ಜಿ ಅಳಿಸದೆ, ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡುವ ಪದ್ಧತಿ ಇಲ್ಲವೇ, ಅದರ ತಮ್ಮ ಇದು.

ಇಲ್ಲಿ ಆವೃತ್ತಿ ಮತ್ತು ತಿದ್ದುಪಡಿ ಎಂಬ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ತಿಳಿಯುವುದು ಅಗತ್ಯ. ಕೆಲಸದ ನಡುವೆ ಉಗ್ರಾಣಕ್ಕೆ ಹಾಕಿದ್ದೆಲ್ಲ ಆವೃತ್ತಿ. ಅಂಥವು ಇಪ್ಪತ್ತಾದರೂ ಆಗಲಿ, ಅದು ಆಫೀಸಿನ ಒಳಗಿನ ಮಾತು. ಮೇಲಿನವರು ಪರಿಶೀಲಿಸಿ ಒಪ್ಪಿ, ಕಾರ್ಖಾನೆಗೆ ಬಿಡುಗಡೆ ಮಾಡಿದಾಗ ಮಾತ್ರ ಅದಕ್ಕೆ ಎ, ಬಿ, ಸಿ ಎಂಬ ತಿದ್ದುಪಡಿಯ ಅಕ್ಷರ ಬರುತ್ತದೆ. ಬಿಡುಗಡೆಯಾದುದನ್ನು ಆಮೇಲೆ ಬರೆದವನೂ ಮುಟ್ಟುವಂತಿಲ್ಲ. ಮುಟ್ಟಬೇಕಾದರೆ ಮುಂದಿನ ಅಕ್ಷರ ತೆರೆಯಬೇಕು. ಖರೀದಿಯವರಿಗೂ ತಗಡು ಕೊರೆಯುವವನಿಗೂ ಕಾಣುವುದು ಬಿಡುಗಡೆಯಾದುದು ಮಾತ್ರ. ಅಲ್ಲದೆ, “ಈ ಬೇರಿಂಗು ಯಾವ ಯಾವ ಯಂತ್ರಗಳಲ್ಲಿ ಕೂತಿದೆ?” ಎಂದು ಕೇಳಿದರೆ ಉಗ್ರಾಣವು ಕ್ಷಣದಲ್ಲಿ ಪಟ್ಟಿ ಕೊಡುತ್ತದೆ. ನಮ್ಮ ದೃಷ್ಟಿಯಲ್ಲಿ ಇಡೀ ಏರ್ಪಾಡಿನಲ್ಲಿ ಹೆಚ್ಚು ಬೆಲೆಬಾಳುವುದು ಈ ಪಟ್ಟಿಯೇ. ಒಂದು ಭಾಗವನ್ನು ಬದಲಿಸುವವನಿಗೆ ತನ್ನ ಕೈ ಎಲ್ಲೆಲ್ಲಿಗೆ ಮುಟ್ಟುತ್ತದೆ ಎಂಬುದು ಫೋಲ್ಡರಿನ ಕಾಲದಲ್ಲಿ ತಿಳಿಯುತ್ತಿರಲಿಲ್ಲ.

ಒಂದು ನಂಬರು ಬದಲಾಗದ ಕಥೆ

ಉಗ್ರಾಣ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿಯ ಪ್ರಕರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಅದು ಫೋಲ್ಡರುಗಳಲ್ಲಿ ನಕ್ಷೆ ಇಡುವ ಸಣ್ಣ ಕಂಪೆನಿಯಲ್ಲ; ನಕ್ಷೆಗಳಿಗೂ ನಂಬರುಗಳಿಗೂ ದೊಡ್ಡ ವ್ಯವಸ್ಥೆಯನ್ನೇ ಇಟ್ಟುಕೊಂಡಿದ್ದ ಕಂಪೆನಿ.

ಆ ಕಂಪೆನಿಯ ಸ್ಯಾಟರ್ನ್ ಅಯಾನ್, ಷೆವ್ರೊಲೆ ಕೋಬಾಲ್ಟ್ ಮುಂತಾದ ಕಾರುಗಳಲ್ಲಿ ಕೀಲಿ ತಿರುಗಿಸುವ ಸ್ವಿಚ್ಚಿನೊಳಗೆ ಒಂದು ಸಣ್ಣ ಸ್ಪ್ರಿಂಗು, ಅದರ ತುದಿಗೆ ಮೊಳೆಯಂಥ ಒಂದು ತುಂಡು ಇತ್ತು. ಕೀಲಿ ತನ್ನ ಸ್ಥಾನದಲ್ಲಿ ನಿಲ್ಲುವುದು ಆ ಸ್ಪ್ರಿಂಗಿನ ಬಲದಿಂದ. ಆ ಬಲ ನಿಗದಿಗಿಂತ ಕಡಿಮೆಯಿತ್ತು. ಭಾರದ ಕೀಲಿಗೊಂಚಲು ಜಗ್ಗಿದರೂ, ಮಂಡಿ ತಾಗಿದರೂ, ರಸ್ತೆಯ ಗುಂಡಿಗೆ ಕಾರು ಕುಕ್ಕಿದರೂ ಓಡುತ್ತಿರುವಾಗಲೇ ಕೀಲಿ ಹಿಂದಕ್ಕೆ ಜಾರಬಹುದು. ಜಾರಿದರೆ ಇಂಜಿನು ನಿಲ್ಲುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ, ಡಿಕ್ಕಿಯಾದಾಗ ಉಬ್ಬಿ ಜೀವ ಉಳಿಸಬೇಕಾದ ಗಾಳಿಚೀಲವೂ ಉಬ್ಬುವುದಿಲ್ಲ.

2006ರ ಏಪ್ರಿಲಿನಲ್ಲಿ ಈ ಸ್ವಿಚ್ಚನ್ನು ಸುಧಾರಿಸಲಾಯಿತು. ಉದ್ದನೆಯ ಸ್ಪ್ರಿಂಗು ಮತ್ತು ತುಂಡು ಹಾಕಲು ಪೂರೈಕೆದಾರರಾದ ಡೆಲ್ಫೈ ಕಂಪೆನಿಗೆ ಒಪ್ಪಿಗೆ ಹೋಯಿತು. ಒಪ್ಪಿಗೆಯ ಕಾಗದಕ್ಕೆ ಸಹಿಯೂ ಬಿತ್ತು. ಆದರೆ ಬಿಡಿಭಾಗದ ನಂಬರನ್ನು ಬದಲಿಸಲಿಲ್ಲ. ಹಳೆಯ ದುರ್ಬಲ ಸ್ವಿಚ್ಚಿಗೂ ಹೊಸ ಗಟ್ಟಿ ಸ್ವಿಚ್ಚಿಗೂ ಒಂದೇ ನಂಬರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಇಲಿ ಪಾಷಾಣಕ್ಕೂ ಅಡುಗೆ ಸೋಡಕ್ಕೂ ಒಂದೇ ಚೀಟಿ ಅಂಟಿಸಿದಂತೆ ಎಂದರೆ ಅತಿಶಯೋಕ್ತಿಯಾಗದು.

ಮುಂದೆ ಆದದ್ದನ್ನು ನೋಡಿ. ಗಾಳಿಚೀಲ ಏಕೆ ಉಬ್ಬುತ್ತಿಲ್ಲ ಎಂದು ಕಂಪೆನಿಯ ಒಳಗೇ ತನಿಖೆ ಮಾಡುತ್ತಿದ್ದವರಿಗೆ ಒಂದು ವಿಚಿತ್ರ ಕಂಡಿತು. ಹಳೆಯ ವರ್ಷಗಳ ಕಾರುಗಳಲ್ಲಿ ದೋಷವಿದೆ, ಅನಂತರದ ವರ್ಷಗಳವುಗಳಲ್ಲಿ ಇಲ್ಲ. ನಡುವೆ ಏನು ಬದಲಾಯಿತು ಎಂದು ದಾಖಲೆ ತೆಗೆದರೆ ಸ್ವಿಚ್ಚಿನ ನಂಬರು ಅದೇ ಇದೆ. ನಂಬರು ಅದೇ ಎಂದ ಮೇಲೆ ಸ್ವಿಚ್ಚೂ ಅದೇ ಎಂಬುದು ಇಂಜಿನಿಯರಿಂಗಿನ ನಂಬಿಕೆ. ಆದುದರಿಂದ ಅವರು ಕಾರಣವನ್ನು ಬೇರೆಡೆ ಹುಡುಕಿದರು. ವರ್ಷಗಳು ಕಳೆದವು. 2013ರ ಹೊತ್ತಿಗೆ ಜಾರ್ಜಿಯಾ ರಾಜ್ಯದ ಒಂದು ಮೊಕದ್ದಮೆಯಲ್ಲಿ, ಮಗಳನ್ನು ಕಳೆದುಕೊಂಡ ತಂದೆತಾಯಿಯರ ಪರವಾಗಿ ನೇಮಕವಾಗಿದ್ದ ತಜ್ಞರು ಹಳೆಯ ಸ್ವಿಚ್ಚನ್ನೂ ಹೊಸ ಸ್ವಿಚ್ಚನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ಅಳೆದಾಗಲೇ ಎರಡೂ ಬೇರೆ ಎಂಬುದು ಬಯಲಾದದ್ದು.

2014ರ ಫೆಬ್ರವರಿಯಲ್ಲಿ ಕಾರುಗಳನ್ನು ಹಿಂದಕ್ಕೆ ಕರೆಸುವುದು ಆರಂಭವಾಯಿತು. ಮಾರ್ಚ್ ಕೊನೆಯ ವೇಳೆಗೆ ಸಂಖ್ಯೆ ಸುಮಾರು 26 ಲಕ್ಷಕ್ಕೆ ಏರಿತು. ಏರಿದ್ದೇಕೆ ಎಂಬುದನ್ನೂ ಗಮನಿಸಬೇಕು. 2008ರಿಂದ 2011ರವರೆಗಿನ ಕಾರುಗಳು ಕಾರ್ಖಾನೆಯಿಂದ ಹೊರಡುವಾಗ ಗಟ್ಟಿ ಸ್ವಿಚ್ಚಿನೊಂದಿಗೇ ಹೊರಟಿದ್ದವು. ಆದರೆ ಹಳೆಯ ಸ್ವಿಚ್ಚುಗಳು ಬಿಡಿಭಾಗಗಳಾಗಿ ಮಾರಾಟಗಾರರ ಬಳಿಗೆ ಹೋಗಿದ್ದವು. ರಿಪೇರಿಗೆ ಬಂದ ಯಾವ ಕಾರಿಗೆ ಯಾವುದನ್ನು ಹಾಕಿದ್ದಾರೆ ಎಂದು ನಂಬರಿನಿಂದ ಹೇಳುವಂತಿರಲಿಲ್ಲ. ಆದುದರಿಂದ ಆ ಕಾರುಗಳನ್ನೂ ಕರೆಸಬೇಕಾಯಿತು. ಕೊನೆಗೆ ಕಂಪೆನಿಯ ಪರಿಹಾರ ನಿಧಿಯು 124 ಸಾವುಗಳಿಗೆ ಪರಿಹಾರ ಕೊಡಲು ಒಪ್ಪಿತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ಕಂಪೆನಿ 90 ಕೋಟಿ ಡಾಲರು ತೆತ್ತಿತು.

ಸ್ವಿಚ್ಚಿನ ದೌರ್ಬಲ್ಯಕ್ಕೆ ನಂಬರು ಕಾರಣವಲ್ಲ, ನಿಜ. ಆದರೆ ದೋಷವನ್ನು ಅಷ್ಟು ವರ್ಷ ಮುಚ್ಚಿಟ್ಟದ್ದರಲ್ಲಿ ಆ ನಂಬರಿನ ಪಾಲು ದೊಡ್ಡದು. ಇಂಜಿನಿಯರುಗಳಲ್ಲಿ ಇದಕ್ಕೆ ಒಂದು ನಿಯಮವಿದೆ: ಆಕಾರ, ಹೊಂದಿಕೆ, ಕೆಲಸ, ಈ ಮೂರರಲ್ಲಿ ಯಾವುದೊಂದು ಬದಲಾಗಿ, ಹಳೆಯದರ ಜಾಗದಲ್ಲಿ ಹೊಸದನ್ನೂ ಹೊಸದರ ಜಾಗದಲ್ಲಿ ಹಳೆಯದನ್ನೂ ನಿಶ್ಚಿಂತೆಯಾಗಿ ಹಾಕಲಾಗದು ಎಂದಾದರೆ, ತಿದ್ದುಪಡಿಯ ಅಕ್ಷರ ಸಾಲದು, ಹೊಸ ನಂಬರೇ ಕೊಡತಕ್ಕದ್ದು. ತೋಟಗಾರರಿಗೆ ಇದು ಹೊಸ ಮಾತಲ್ಲ. ನರ್ಸರಿಯಲ್ಲಿ ಮಂಗಳ ತಳಿಯ ಚೀಟಿ ಇರುವ ಅಡಿಕೆ ಸಸಿಯನ್ನು ತಂದು, ಅದು ಬೇರೆಯದು ಎಂದು ಫಸಲು ಬರುವಾಗ ತಿಳಿದರೆ ಕಳೆದ ವರ್ಷಗಳನ್ನು ಯಾರು ಹಿಂದಕ್ಕೆ ಕೊಡುತ್ತಾರೆ? ಉಗ್ರಾಣದ ತಂತ್ರಾಂಶ “ಹೊಸ ನಂಬರು ಬೇಕೇ?” ಎಂದು ಕೇಳಬಲ್ಲದು. ಹೌದು, ಇಲ್ಲ ಎಂದು ಹೇಳುವವನು ಮನುಷ್ಯನೇ.

ಸಾಗಣೆಯ ದಿನಗಳು

ಈಗ ನಮ್ಮ ಪಲ್ಪರಿನ ತಂಡ ಫೋಲ್ಡರಿನಿಂದ ಉಗ್ರಾಣಕ್ಕೆ ಹೋಗಲು ನಿರ್ಧರಿಸಿತು ಎನ್ನೋಣ. ಎಲ್ಲವನ್ನೂ ಒಂದೇ ಸಲ ಎತ್ತಿ ಸುರಿಯುವ ಆಸೆ ಮೊದಲು ಬರುತ್ತದೆ. ಹಾಗೆ ಮಾಡಿದರೆ ಹಳೆಯ ಕಸಕ್ಕೆ ಹೊಸ ಬೀಗ ಹಾಕಿದಂತಾಗುತ್ತದೆ. ಇಂದು ತಯಾರಾಗುತ್ತಿರುವ ಮತ್ತು ಬಿಡಿಭಾಗ ಪೂರೈಸಲೇಬೇಕಾದ ಯಂತ್ರಗಳ ನಕ್ಷೆಗಳನ್ನು ಮೊದಲು ಆರಿಸಬೇಕು. ಒಂದೊಂದು ಭಾಗಕ್ಕೂ ಇರುವ ನಾಲ್ಕಾರು ಫೈಲುಗಳಲ್ಲಿ ನಿಜವಾದುದು ಯಾವುದು ಎಂದು ತೀರ್ಮಾನಿಸಬೇಕು. ಇದನ್ನು ಯಂತ್ರ ಮಾಡಿಕೊಡದು. ಕಾರ್ಖಾನೆಯ ನೆಲಕ್ಕೆ ಇಳಿದು, ತಯಾರಾದ ತುಂಡನ್ನು ಕೈಯಲ್ಲಿ ಹಿಡಿದು, ಅಳತೆ ನೋಡಿ ಹೇಳಬೇಕು. ಬೇಸರದ ಕೆಲಸ, ತಂಡದ ಹಿರಿಯರೇ ಮಾಡಬೇಕಾದ ಕೆಲಸ. ಹೊಸದಾಗಿ ಸೇರಿದ ಹುಡುಗನಿಗೆ ಒಪ್ಪಿಸಿ ಕೈತೊಳೆದುಕೊಳ್ಳುವಂಥದ್ದಲ್ಲ.

ನಂಬರು ಕೊಡುವ ವಿಚಾರದಲ್ಲಿ ವಾದಗಳು ಬಹಳ. ನಂಬರಿನಲ್ಲೇ ಯಂತ್ರದ ಜಾತಿ, ಲೋಹ, ಗಾತ್ರ ಎಲ್ಲವನ್ನೂ ಅಡಗಿಸಬೇಕೆಂಬುದು ಕೆಲವರ ಪಕ್ಷ. ಅರ್ಥವಿಲ್ಲದ ಸರಣಿ ನಂಬರೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಹಿತ್ತಾಳೆಯ ಬುಷ್ಷು ನಾಳೆ ನೈಲಾನಿನದಾದರೆ ಅರ್ಥ ತುಂಬಿದ ನಂಬರು ಸುಳ್ಳು ಹೇಳತೊಡಗುತ್ತದೆ. ಲೋಹ, ಗಾತ್ರಗಳನ್ನು ಖಾತೆಯ ಬೇರೆ ಕಲಮುಗಳಲ್ಲಿ ಬರೆದರಾಯಿತು.

ಒಪ್ಪಿಗೆ ಕೊಡುವವರು ಯಾರು ಎಂಬುದನ್ನು ಮೊದಲೇ ಗೊತ್ತುಪಡಿಸಬೇಕು, ಅವರು ರಜೆಯಲ್ಲಿದ್ದಾಗ ಯಾರು ಎಂಬುದನ್ನೂ ಸಹ. ಈ ಎರಡನೆಯದನ್ನು ಮರೆಯುವವರೇ ಹೆಚ್ಚು. ಮುಖ್ಯಸ್ಥರು ಮದುವೆಗೆ ಹೋದ ವಾರ ಬಿಡುಗಡೆ ನಿಂತರೆ, ಕಾರ್ಖಾನೆಯವನಿಗೆ ಯಾರೋ ನಕ್ಷೆಯನ್ನು ಮೊಬೈಲಿನಲ್ಲಿ ಕಳಿಸಿಬಿಡುತ್ತಾರೆ. ಅಲ್ಲಿಗೆ ಉಗ್ರಾಣದ ಹಿಂಬಾಗಿಲು ತೆರೆಯಿತು.

ಹಳೆಯ ಫೋಲ್ಡರನ್ನು ಯಾವಾಗ ಮುಚ್ಚಬೇಕೆಂಬುದು ಎಲ್ಲಕ್ಕಿಂತ ಕಠಿಣ. ಇದಕ್ಕೆ ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೆನೆಯಬಹುದು. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2000ದ ಆಸುಪಾಸಿನ ವರ್ಷಗಳಲ್ಲಿ ತಾಲ್ಲೂಕು ತಾಲ್ಲೂಕಾಗಿ ಜಾರಿಗೆ ತಂದರು. ಖಾತೆ ಬದಲಾವಣೆ ಮಾಡುವ ನೌಕರರು ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಕಟ್ಟುಮಾಡಿದರು. ಒಂದು ತಾಲ್ಲೂಕು ಕಂಪ್ಯೂಟರಿಗೆ ಬಂದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸಾರಿದರು. ಕೈಬರಹದ್ದೂ ನಡೆಯಲಿ, ಇದೂ ನಡೆಯಲಿ ಎಂದು ಬಿಟ್ಟಿದ್ದರೆ ಒಂದೇ ಸರ್ವೆ ನಂಬರಿಗೆ ಎರಡು ಪಹಣಿ ಹಿಡಿದು ಕೋರ್ಟಿಗೆ ಹೋಗುವವರ ಸಾಲು ಎಷ್ಟಾಗುತ್ತಿತ್ತೋ. ಇಂಜಿನಿಯರುಗಳ ತಂಡದಲ್ಲೂ ಅಷ್ಟೆ. ಒಂದು ಯಂತ್ರದ ನಕ್ಷೆಗಳು ಉಗ್ರಾಣಕ್ಕೆ ಹೋದ ಸಂಜೆಯೇ ಹಳೆಯ ಫೋಲ್ಡರನ್ನು ಓದಲು ಮಾತ್ರ ಬಿಟ್ಟು, ಬರೆಯಲಾಗದಂತೆ ಬೀಗ ಹಾಕಬೇಕು. ಎರಡು ವಾರ ಎರಡೂ ತೆರೆದಿರಲಿ ಎನ್ನುವ ಕರುಣೆ ತೋರಿದರೆ, ಆ ಎರಡು ವಾರದ ತಿದ್ದುಪಡಿಗಳು ಅರ್ಧ ಅಲ್ಲಿ, ಅರ್ಧ ಇಲ್ಲಿ.

ನಕಲು ಸಂಗ್ರಹದ ಬಗ್ಗೆಯೂ ಒಂದು ಎಚ್ಚರಿಕೆ. ಉಗ್ರಾಣದಲ್ಲಿ ಫೈಲುಗಳು ಒಂದು ಕಡೆ, ಖಾತೆ ಪುಸ್ತಕ ಇನ್ನೊಂದು ಕಡೆ ಇರುತ್ತವೆ. ಎರಡನ್ನೂ ಒಂದೇ ವೇಳೆಯಲ್ಲಿ ನಕಲು ಮಾಡಿಡಬೇಕು. ಖಾತೆಯಿಲ್ಲದ ಫೈಲುಗಳ ರಾಶಿ, ಚೀಟಿ ಕಿತ್ತ ಔಷಧದ ಸೀಸೆಗಳಂತೆ.

ದೊಡ್ಡ ಸಂಸ್ಥೆಗಳಲ್ಲಿ ಊರೂರಿಗೆ ಬೇರೆ ಬೇರೆ ಪದ್ಧತಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಏರ್‌ಬಸ್ ಎ380 ವಿಮಾನ ನಿದರ್ಶನ. ಜರ್ಮನಿಯ ಹ್ಯಾಂಬರ್ಗಿನವರು ಕ್ಯಾಟಿಯಾ ತಂತ್ರಾಂಶದ ನಾಲ್ಕನೆಯ ಪೀಳಿಗೆಯನ್ನೂ ಫ್ರಾನ್ಸಿನ ಟೂಲೂಸಿನವರು ಐದನೆಯದನ್ನೂ ಬಳಸುತ್ತಿದ್ದರು. ವಿಮಾನವೊಂದರಲ್ಲಿ ಸುಮಾರು 530 ಕಿಲೋಮೀಟರು ವೈರು. ಹ್ಯಾಂಬರ್ಗಿನಿಂದ ಬಂದ ವೈರಿನ ಕಂತೆಗಳು ಟೂಲೂಸಿನಲ್ಲಿ ಜೋಡಿಸುವಾಗ ಸಾಲದೆ ಬಂದವು. 2006ರಲ್ಲಿ ಸಿಗಬೇಕಿದ್ದ ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸಿಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ.

ಹಾಗೆಂದು ಎಲ್ಲರೂ ಉಗ್ರಾಣ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಇಬ್ಬರು ಮೂವರು ಇರುವ ವರ್ಕ್‌ಷಾಪಿಗೆ ಅದರ ಖರ್ಚು ಹೊರೆ. ನಂಬರುಗಳ ಒಂದು ರಿಜಿಸ್ಟರು, ಬಿಡುಗಡೆಯಾದ ನಕ್ಷೆಗಳಿಗೆ ಒಬ್ಬನೇ ಬರೆಯಬಲ್ಲ ಒಂದು ಫೋಲ್ಡರು, ಆ ಒಬ್ಬನಿಗೆ ಅಷ್ಟು ಅಧಿಕಾರ, ಇಷ್ಟಿದ್ದರೆ ಹಿಂದಿನ ನಕ್ಷೆ ಗುಮಾಸ್ತರು ಮಾಡುತ್ತಿದ್ದ ಕೆಲಸ ನಡೆಯುತ್ತದೆ. ಜನ ಐದಾರು ದಾಟಿದಾಗ ಮುಂದಿನದನ್ನು ಯೋಚಿಸಿದರೆ ಸಾಕು.

ಬಿಡಿಭಾಗ ತರಿಸುವ ಸದಸ್ಯರು ಯಂತ್ರದ ಹೆಸರನ್ನಷ್ಟೇ ಹೇಳದೆ, ಅದರ ತಗಡಿನ ಫಲಕದ ಮೇಲಿರುವ ಮಾದರಿ, ಕ್ರಮಸಂಖ್ಯೆ, ತಯಾರಾದ ವರ್ಷ ಮೂರನ್ನೂ ಬರೆದು ಕಳಿಸಬೇಕು. ಫಲಕ ತುಕ್ಕು ಹಿಡಿದು ಅಳಿಸುವ ಮೊದಲು ಅವನ್ನು ಪಲ್ಪರು ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಟ್ಟುಕೊಳ್ಳಿ. ಭಾಗದ ಮೇಲೆ ನಂಬರು ಇದ್ದು, ಅದರ ಮುಂದೆ ಒಂದು ಇಂಗ್ಲಿಷ್ ಅಕ್ಷರವೂ ಇದ್ದರೆ ಅದನ್ನು ಬಿಡದೆ ಬರೆಯಿರಿ. ಮುರಿದ ಹಳೆಯ ತುಂಡನ್ನು ಗುಜರಿಗೆ ಹಾಕುವುದು ಹೊಸದು ಕೂತು ಒಂದು ದಿನ ಓಡಿದ ಮೇಲೆ.